ಒಗೆಯುವ ಕಲ್ಲಿನ ಇಂಗ್ಲಿಷ್

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಫೋನಿನ ಆ ತುದಿಯವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ಕಾನ್ವೆಂಟಿನಲ್ಲಿ ಓದಿದ್ದು? ಕಾನ್ವೆಂಟಿನ ಗೇಟನ್ನು ನಾನು ಒಳಗಡೆಯಿಂದ ನೋಡಿದವಳೇ ಅಲ್ಲ. ರಾಜಾಜಿನಗರದ ಸರ್ಕಾರಿ ಶಾಲೆಯ ಬೆಂಚಿನಲ್ಲಿ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತು, ಇಂಗ್ಲಿಷ್ ಪಾಠವನ್ನು ಮಗ್ಗಿಯ ಹಾಗೆ ರಾಗ ಎಳೆದು ಒಪ್ಪಿಸಿದವಳು. ಹಾಗಾದರೆ ಈ ಉಚ್ಚಾರಣೆ ಎಲ್ಲಿಂದ ಬಂತು ಎಂದರೆ, ನಮ್ಮ ವಠಾರದ ಬಟ್ಟೆ ಒಗೆಯುವ ಕಲ್ಲಿನಿಂದ ಬಂತು. ಹೀಗೆ ಹೇಳಿದರೆ ಜನ ನಗುತ್ತಾರೆ. ಅದಕ್ಕೇ ಹೇಳುವುದನ್ನು ಬಿಟ್ಟಿದ್ದೆ. ಈಗ ಪೂರ್ತಿ ಹೇಳಿಬಿಡುತ್ತೇನೆ, ನಗು ಬಂದರೆ ನಗಿ, ನನ್ನದೇನೂ ಅಭ್ಯಂತರವಿಲ್ಲ.

ಆ ಇಂಗ್ಲಿಷ್ ನನ್ನದಲ್ಲ, ನನ್ನ ಅಕ್ಕನದು.

ಎಪ್ಪತ್ತರ ದಶಕದ ಮೊದಲ ಭಾಗ. ಅಪ್ಪ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರು. ಇಂಗ್ಲಿಷ್ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಆ ಆಫೀಸಿನಲ್ಲಿ ಇರಲಿಲ್ಲವಂತೆ. ಸಾಹೇಬರೇ ಕಾಗದ ಬರೆಯುವಾಗ ಅಪ್ಪನನ್ನು ಕರೆಸುತ್ತಿದ್ದರು. ಆದರೆ ಬಾಯಿ ತೆರೆದು ಮಾತಾಡು ಎಂದರೆ ಅಪ್ಪ ಕಲ್ಲಾಗುತ್ತಿದ್ದರು. ಒಮ್ಮೆ ಎಲ್ಲರೂ ಊಟಕ್ಕೆ ಹೋಗಿದ್ದಾಗ ಫೋನು ಬಡಿದುಕೊಂಡು, ಬೇರೆ ದಾರಿಯಿಲ್ಲದೆ ಇವರೇ ಎತ್ತಿದ್ದಾರೆ. ಆ ಕಡೆ ಯಾವಳೋ ಹೆಂಗಸು ಪಟಪಟ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅಪ್ಪ ಬೆವರುತ್ತಾ ‘ಎಸ್ ಸಾರ್, ಎಸ್ ಸಾರ್’ ಎಂದು ಇಟ್ಟುಬಿಟ್ಟರು. ಊಟ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಅಂದಿನಿಂದ ಆಫೀಸಿನಲ್ಲಿ ಅಪ್ಪನಿಗೆ ಅದೇ ಅಡ್ಡಹೆಸರಾಯಿತು. ಮನೆಗೆ ಬಂದು ಅವರೇ ಇದನ್ನು ನಗುನಗುತ್ತಾ ಹೇಳಿದರು. ನಾವೆಲ್ಲ ನಕ್ಕೆವು, ಅಕ್ಕ ನಗಲಿಲ್ಲ.

ಅಕ್ಕ ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಮುಂದಕ್ಕೆ ಓದಿಸುವ ಮಾತು ಯಾರೂ ಎತ್ತುವ ಹಾಗಿರಲಿಲ್ಲ. ಮೈಸೂರು ರಸ್ತೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕರೆ ಜೋಡಿಸಿಕೊಡಲು ಹುಡುಗಿಯರನ್ನು ಆಗಾಗ ತೆಗೆದುಕೊಳ್ಳುತ್ತಾರೆ, ಡಿಗ್ರಿ ಬೇಕಿಲ್ಲ, ಒಳ್ಳೆಯ ಗಂಟಲು ಮತ್ತು ಶುದ್ಧ ಇಂಗ್ಲಿಷ್ ಇದ್ದರೆ ಸಾಕು ಎಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಗಂಟಲು ಅಕ್ಕನಿಗಿತ್ತು. ನಿಧಾನದ, ತುಂಬಿದ ದನಿ. ‘ಕಾಫಿ ಆಯ್ತಾ’ ಎಂದು ಅವಳು ಕೇಳಿದರೂ ಕೇಳುತ್ತಲೇ ಇರೋಣ ಅನ್ನಿಸುತ್ತಿತ್ತು. ಇಂಗ್ಲಿಷ್ ಮಾತ್ರ ನಮ್ಮೆಲ್ಲರ ಇಂಗ್ಲಿಷೇ.

ಅಪ್ಪ ಅವಳನ್ನು ಒಬ್ಬ ಮೇಡಂ ಹತ್ತಿರ ಬಿಟ್ಟರು. ಶಾಲೆಯಿಂದ ನಿವೃತ್ತರಾಗಿ, ಬಸವೇಶ್ವರನಗರದಲ್ಲಿ ಸೈಟು ತೆಗೆದುಕೊಂಡು ಪುಟ್ಟ ಮನೆ ಕಟ್ಟಿಸಿದ್ದವರು. ಆಗ ಅಲ್ಲಿ ಮನೆಗಳಿಗಿಂತ ಸೈಟಿನ ಮೂಲೆಗೆ ನೆಟ್ಟ ಕಲ್ಲುಗಳೇ ಹೆಚ್ಚು. ಸಂಜೆ ಅಷ್ಟು ದೂರ ಹೆಣ್ಣುಮಗಳನ್ನು ಒಬ್ಬಳೇ ಕಳಿಸುವುದು ಹೇಗೆಂದು ಅಪ್ಪನೂ ಜೊತೆಗೆ ಹೋಗುತ್ತಿದ್ದರು. ಪಾಠ ಮುಗಿಯುವವರೆಗೆ ಹೊರಗೆ ಒಂದು ಸೈಟುಗಲ್ಲಿನ ಮೇಲೆ ಕೂತಿರುತ್ತಿದ್ದರು. ಕಿಟಕಿಯಿಂದ ಬಂದ ಮಾತನ್ನು ಅವರೂ ತುಟಿಯಲ್ಲೇ ಆಡಿಕೊಳ್ಳುತ್ತಾರೆಂದು ಅಕ್ಕ ನನಗೆ ಗುಟ್ಟಾಗಿ ಹೇಳಿದ್ದಳು.

ಮೊದಲನೇ ದಿನವೇ ಮೇಡಂ ಹೇಳಿದ ಮಾತನ್ನು ಅಕ್ಕ ಮನೆಗೆ ಬಂದು ಯಥಾವತ್ತಾಗಿ ಅಭಿನಯಿಸಿ ತೋರಿಸಿದಳು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಇಲ್ಲದ ಕನ್ನಡಕ ಏರಿಸಿಕೊಂಡು. “ನೀವು ಕನ್ನಡದೋರು ಪಂಕ್ತಿಯಲ್ಲಿ ಕೂತೋರಿಗೆಲ್ಲ ಒಂದೇ ಸಮ ಬಡಿಸ್ತೀರ ಕಣಮ್ಮ. ಪ್ರತಿ ಅಕ್ಷರಕ್ಕೂ ಒಂದೊಂದು ಸೌಟು. ಇಂಗ್ಲಿಷ್ ಹಾಗಲ್ಲ. ಪಂಕ್ತಿಭೇದದ ಭಾಷೆ ಅದು. ಒಂದು ಪದದಲ್ಲಿ ಒಬ್ಬನಿಗೇ ಎಲೆ ತುಂಬ ಊಟ, ಉಳಿದೋರಿಗೆ ಬರೀ ತೀರ್ಥ ಪ್ರಸಾದ. ಯಾರಿಗೆ ಊಟ ಅಂತ ತಿಳ್ಕೊಂಡ್ರೆ ಅರ್ಧ ಇಂಗ್ಲಿಷ್ ಬಂದ ಹಾಗೇನೇ.”

“ಥೂ, ಎಂಥಾ ಅನ್ಯಾಯದ ಭಾಷೆನೇ ಅದು!” ಎಂದರು ಅಮ್ಮ, ಒಲೆಯ ಮುಂದೆಯೇ ಕೂತು.

ಅಕ್ಕ ಮ್ಯಾನೇಜರ್, ಡೈರೆಕ್ಟರ್, ಎಂಜಿನಿಯರ್ ಮೂರನ್ನೂ ಹೇಳಿ ತೋರಿಸಿದಳು. ಮ್ಯಾನೇಜರಿಗೆ ಭಾರ ಮೊದಲಲ್ಲಿ, ಡೈರೆಕ್ಟರಿಗೆ ನಡುವೆ, ಎಂಜಿನಿಯರಿಗೆ ಕೊನೆಯಲ್ಲಿ. ನಾವೋ ಮೂವರನ್ನೂ ಮೊಳೆ ಹೊಡೆದ ಹಾಗೆ ಒಂದೇ ಸಮ ಹೊಡೆಯುತ್ತಿದ್ದೆವು. ಅಪ್ಪ ಮೂಲೆಯಲ್ಲಿ ಕೂತು ‘ಎಂಜಿನಿಯರ್, ಎಂಜಿನಿಯರ್’ ಎಂದು ಎರಡು ಸಲ ಹೇಳಿನೋಡಿ, ನಾಚಿ, ಪೇಪರು ಎತ್ತಿಕೊಂಡರು.

ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡು, ಭಾರದ ಅಕ್ಷರ ಬಂದಾಗ ಮೇಜು ಗುದ್ದಿ ಅಭ್ಯಾಸ ಮಾಡಬೇಕೆಂದು ಮೇಡಂ ಹೇಳಿದ್ದರು. ಪಾಪ, ನಮ್ಮ ಮನೆಯಲ್ಲಿ ಮೇಜು ಎಲ್ಲಿತ್ತು? ಇದ್ದದ್ದು ಒಂದು ರೂಮು, ಒಂದು ಅಡುಗೆಮನೆ. ಆಚೆ ಗೋಡೆಗೆ ಒಂದು ಸಂಸಾರ, ಈಚೆ ಗೋಡೆಗೆ ಇನ್ನೊಂದು. ಅಕ್ಕ ಒಂದು ದಿನ ಗೋಡೆ ಕಡೆ ಮುಖ ಮಾಡಿ ‘ಹಲೋ, ಗುಡ್ ಮಾರ್ನಿಂಗ್’ ಎಂದಿದ್ದಕ್ಕೆ ಆಚೆಯಿಂದ ಯಾರೋ ‘ಗುಡ್ ಮಾರ್ನಿಂಗ್’ ಎಂದರು. ವಠಾರದ ಅಷ್ಟೂ ಮನೆಯವರು ನಕ್ಕರು. ಅದಾದ ಮೇಲೆ ಅವಳ ಬಾಯಿ ಕಟ್ಟಿಹೋಯಿತು.

ವಠಾರದಲ್ಲಿ ಹೆಣ್ಣುಮಗಳು ಎಷ್ಟು ಬೇಕಾದರೂ ಸದ್ದು ಮಾಡಿ, ಯಾರ ಹತ್ತಿರವೂ ಅನ್ನಿಸಿಕೊಳ್ಳದೆ ಇರಬಹುದಾದ ಜಾಗ ಒಂದೇ ಒಂದು. ಅದು ನಲ್ಲಿಯ ಪಕ್ಕದ ಒಗೆಯುವ ಕಲ್ಲು. ಅಕ್ಕನಿಗೆ ಇದು ಹೊಳೆದದ್ದು ಯಾವ ಬೆಳಿಗ್ಗೆಯೋ ನನಗೆ ನೆನಪಿಲ್ಲ. ನಾನು ಪಕ್ಕದಲ್ಲಿ ಬಕೆಟ್ಟು ಇಟ್ಟುಕೊಂಡು ಬಟ್ಟೆ ಜಾಲಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಅವಳು ಒಗೆಯುವ ಸದ್ದು ಬದಲಾಯಿತು. ಒಂದು ಸಲ ಮೆಲ್ಲಗೆ ತಟ್ಟು, ಆಮೇಲೆ ಬಟ್ಟೆಯನ್ನು ತಲೆಯ ಮೇಲೆತ್ತಿ ಧಡ್ ಎಂದು ಬಡಿ, ಮತ್ತೆರಡು ಸಲ ಮೆಲ್ಲಗೆ ತಟ್ಟು. ತುಟಿ ಅಲ್ಲಾಡುತ್ತಿತ್ತು. ಏನೇ ಇದು ಎಂದು ಕೇಳಿದರೆ, “ಪರ್ಟಿಕ್ಯುಲರ್ ಕಣೇ. ಪರ್, ಟಿಕ್, ಯು, ಲರ್. ಟಿಕ್ ಮೇಲೆ ಏಟು” ಎಂದಳು.

ಆ ಕಾಲದಲ್ಲಿ ಊರಿಂದೂರಿಗೆ ಟ್ರಂಕ್ ಕಾಲ್ ಮಾಡುವಾಗ ಇಂಥವರೇ ಮಾತಾಡಬೇಕು ಎಂದು ಹೆಸರು ಹೇಳಿ ಬುಕ್ ಮಾಡುವುದಿತ್ತು. ಅದಕ್ಕೆ ಪರ್ಟಿಕ್ಯುಲರ್ ಪರ್ಸನ್ ಕಾಲ್ ಎನ್ನುತ್ತಿದ್ದರು. ಬೋರ್ಡಿನ ಹುಡುಗಿ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಅದನ್ನು ಹೇಳಬೇಕಾಗುತ್ತದೆಂದು ಮೇಡಂ ಆ ಮಾತನ್ನೇ ಹಿಡಿದು ತಿದ್ದುತ್ತಿದ್ದರು. ಅಕ್ಕನಿಗೆ ಅದೇ ಕಷ್ಟದ ಮಾತಾಗಿತ್ತು. ಅಪ್ಪನ ಷರ್ಟು ಒಗೆದು ಮುಗಿಯುವಷ್ಟರಲ್ಲಿ ಅದು ಪಳಗಿಬಿಟ್ಟಿತು.

ಆಮೇಲೆ ನಮ್ಮ ಮನೆಯ ಬಟ್ಟೆ ಅವಳಿಗೆ ಸಾಲದೆ ಹೋಯಿತು. ಶುಭ್ರವಾದ ಟವಲನ್ನೂ ಎಳೆದುಕೊಂಡು ಹೋಗಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಬಾಣಂತಿಯ ಬಟ್ಟೆಯನ್ನೂ ತಾನೇ ಕೇಳಿ ಇಸಿದುಕೊಂಡಳು. ‘ಎಂಥ ಒಳ್ಳೆ ಹುಡುಗಿ’ ಎಂದು ವಠಾರದಲ್ಲಿ ಅವಳಿಗೆ ಹೆಸರು ಬಂತು. ನಾನು ನೀರು ಹೊಯ್ಯುತ್ತಾ ನಗು ತಡೆದುಕೊಳ್ಳುತ್ತಿದ್ದೆ. ಕೆಲವು ದಿನಗಳಲ್ಲಿ ಅವಳು ತುಟಿ ಅಲ್ಲಾಡಿಸದಿದ್ದರೂ ಸದ್ದಿನ ಮೇಲೆಯೇ ಮಾತು ಯಾವುದೆಂದು ನಾನು ಹೇಳಿಬಿಡುತ್ತಿದ್ದೆ. ‘ಡೈರೆಕ್ಟರ್!’ ‘ಆಪರೇಟರ್!’ ಅವಳು ತಲೆಯಾಡಿಸುತ್ತಿದ್ದಳು. ತಪ್ಪಿದರೆ ಒದ್ದೆ ಬಟ್ಟೆಯ ತುದಿಯಿಂದ ನನ್ನ ಬೆನ್ನಿಗೆ ಒಂದು ಬೀಳುತ್ತಿತ್ತು. ನನ್ನ ಇಂಗ್ಲಿಷ್ ಶಾಲೆ ಅಂದರೆ ಅದು.

ಫೀಜು ತೆತ್ತದ್ದು ಅಪ್ಪನ ಷರ್ಟಿನ ಗುಂಡಿಗಳು. ಭಾರದ ಅಕ್ಷರ ಬಿದ್ದಾಗಲೆಲ್ಲ ಒಂದು ಗುಂಡಿ ಎರಡು ಹೋಳು. ಹೊಸ ಗುಂಡಿ ಹೊಲಿಯುವುದು ನನ್ನ ಪಾಲಿನ ಕೆಲಸ. “ನಿನ್ನ ಇಂಗ್ಲಿಷಿಗೆ ನಿಮ್ಮಪ್ಪನ ಗುಂಡಿಗಳೇ ಬೇಕೇನೇ?” ಎಂದು ಅಮ್ಮ ಗದರುತ್ತಿದ್ದರು. ಅಪ್ಪ ಮಾತ್ರ ಒಂದು ಕಡೆ ಬಿಳಿ ಗುಂಡಿ, ಇನ್ನೊಂದು ಕಡೆ ಬೂದು ಗುಂಡಿ ಹಾಕಿಕೊಂಡು ಆಫೀಸಿಗೆ ಹೊರಡುತ್ತಾ, “ಹೋಗ್ಲಿ ಬಿಡೇ, ನಾಳೆ ಸಂಬಳ ಬಂದ್ರೆ ಅವಳೇ ಹೊಸ ಷರ್ಟು ತೆಗೆಸ್ಕೊಡ್ತಾಳೆ” ಎನ್ನುತ್ತಿದ್ದರು.

ಗಂಡಿನ ಕಡೆಯವರು ಬಂದದ್ದು ಇದರ ನಡುವೆಯೇ. ಕೆಂಗೇರಿಯವರು, ಸ್ವಂತ ಮನೆ, ಹಿತ್ತಲಲ್ಲಿ ಬಾವಿ. ಹುಡುಗ ಗುಮಾಸ್ತೆ ಕೆಲಸದಲ್ಲಿದ್ದ. ಒಪ್ಪಿಗೆಯಾದ ಮೇಲೆ ಅಪ್ಪ ಅಳುಕುತ್ತಾ ಕೆಲಸದ ಮಾತೆತ್ತಿದರು. ಹುಡುಗನ ತಂದೆ ಬಿಚ್ಚುಮನಸ್ಸಿನಿಂದಲೇ ಮಾತಾಡಿದರು: “ಮದುವೆಗೆ ಮುಂಚೆ ಕೆಲಸ ಸಿಕ್ಕಿದ್ರೆ ಮಾಡ್ಲಿ ಸ್ವಾಮಿ, ಕೈಗೆ ಬಂದ ಲಕ್ಷ್ಮೀನ ನಾವ್ಯಾಕೆ ಬೇಡ ಅನ್ನೋಣ? ಆದ್ರೆ ಮದುವೆ ಆದ್ಮೇಲೆ ಸೊಸೇನ ಕೆಲಸ ಹುಡುಕ್ಕೊಂಡು ಅಲೆಯೋಕೆ ನಾವು ಕಳಿಸಲ್ಲ.” ಅಕ್ಕ ಒಳಗೆ ತಟ್ಟೆಗೆ ಉಪ್ಪಿಟ್ಟು ಹಾಕುತ್ತಾ ಇದನ್ನು ಕೇಳಿಸಿಕೊಂಡಳು. ಮದುವೆಗೆ ಮುಂಚೆ ಎಂಬುದನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದುಕೊಂಡಳೆಂದರೆ, ಮರುದಿನದಿಂದ ಕಲ್ಲಿನ ಮೇಲೆ ಬೀಳುತ್ತಿದ್ದ ಏಟಿಗೆ ಲಂಗದ ಲಾಡಿಗಳೂ ಕಿತ್ತುಬಂದವು.

ಕಾರ್ಖಾನೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಆಷಾಢಕ್ಕೆ ಮುಂಚಿನ ಕೊನೆಯ ಲಗ್ನ, ಭಾನುವಾರ ಮದುವೆ. ಅದೇ ವಾರದ ಬುಧವಾರ ಇಂಟರ್‌ವ್ಯೂ. ಅಪ್ಪ ಕೈಬೆರಳು ಮಡಚಿ ಲೆಕ್ಕ ಹಾಕಿ, “ಮದುವೆಗೆ ಮುಂಚೇನೇ ಬಂತಲ್ಲೇ!” ಎಂದು ಅಕ್ಕನ ತಲೆ ಸವರಿದರು. ಅರಿಶಿನದ ಶಾಸ್ತ್ರ ಶುಕ್ರವಾರ ಇಟ್ಟುಕೊಂಡರಾಯಿತು ಎಂದರು. ಮೇಡಂ ಪಾಠ ಮುಗಿಸಿ ಅಕ್ಕನಿಗೆ ಒಂದು ಕರ್ಚೀಫು ಕೊಟ್ಟು, ಬೋರ್ಡಿನ ಮುಂದೆ ಕೂತ ಮೇಲೆ ನನಗೊಂದು ಫೋನ್ ಮಾಡು, ನಾನು ಫೋನಿರುವ ಅಂಗಡಿಗೆ ಬಂದು ಕಾಯುತ್ತೇನೆ ಎಂದರಂತೆ.

ಸೋದರತ್ತೆ ಎಂದರೆ ಅಪ್ಪನ ಅಕ್ಕ, ಮಾಗಡಿ ಕಡೆಯ ಹಳ್ಳಿಯಲ್ಲಿದ್ದವರು. ನಮ್ಮಲ್ಲಿ ಅರಿಶಿನ ಹಚ್ಚುವ ಮೊದಲ ಕೈ ಸೋದರತ್ತೆಯದೇ. ಅಪ್ಪ ಅವರಿಗೆ ಇಂಟರ್‌ವ್ಯೂ ವಿಷಯ ಹೇಳಿರಲಿಲ್ಲ. ಹೇಳಿದರೆ ಏನೆನ್ನುತ್ತಾರೋ ಎಂಬ ಹೆದರಿಕೆ. ಅವರಾದರೋ ಶುಕ್ರವಾರದವರೆಗೆ ಕಾಯಲಿಲ್ಲ. ಊರಿನ ಪುರೋಹಿತರನ್ನು ಕೇಳಿಕೊಂಡು, ಒಳ್ಳೆಯ ದಿನವೆಂದು ಸೋಮವಾರ ಬೆಳಿಗ್ಗೆಯೇ ಅರಿಶಿನ, ಎಣ್ಣೆ, ನಾಲ್ಕಾರು ಮುತ್ತೈದೆಯರನ್ನು ಕಟ್ಟಿಕೊಂಡು ಬಸ್ಸಿಳಿದರು. ಬಂದವರನ್ನು ವಾಪಸ್ಸು ಕಳಿಸುವುದುಂಟೇ? ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಅವಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: “ಹಚ್ಚಿಸ್ಕೊಳಮ್ಮ. ಅರಿಶಿನ ತಾನೇ, ಬುಧವಾರ ಬೆಳಿಗ್ಗೆ ಮುಖ ತೊಳ್ಕೊಂಡ್ರೆ ಹೋಗುತ್ತೆ. ನಾನಿದೀನಲ್ಲ.”

ಅಪ್ಪ ಮಾಡಿದ ತಪ್ಪು ಅಷ್ಟೇ. ಅರಿಶಿನ ತೊಳೆದರೆ ಹೋಗುತ್ತದೆ ಎಂದುಕೊಂಡರು.

ಹೆಂಗಸರು ಹಾಡುತ್ತಾ ಅಕ್ಕನನ್ನು ಹಸೆಯ ಮೇಲೆ ಕೂರಿಸಿ ಕೆನ್ನೆಗೆ, ಕೈಗೆ, ಕಾಲಿಗೆ ಬಳಿದರು. ಅವಳು ನಗುತ್ತಲೇ ಇದ್ದಳು. ನನಗೆ ಕಣ್ಣು ಮಿಟುಕಿಸಿ, ಮಂಡಿಯ ಮೇಲೆ ಬೆರಳಿನಿಂದ ಒಂದು ಮೆಲ್ಲಗೆ, ಒಂದು ಜೋರಾಗಿ, ಎರಡು ಮೆಲ್ಲಗೆ ತಟ್ಟಿ ತೋರಿಸಿದಳು. ನಾನು ‘ಪರ್ಟಿಕ್ಯುಲರ್’ ಎಂದು ಬಾಯಿ ಆಡಿಸಿದೆ. ನನ್ನ ನೆನಪಿನಲ್ಲಿ ಅವಳು ಅಷ್ಟು ಚೆನ್ನಾಗಿ ಕಂಡದ್ದು ಆ ಬೆಳಿಗ್ಗೆಯೇ.

ಬುಧವಾರ ಅಕ್ಕ ಕತ್ತಲಿರುವಾಗಲೇ ಎದ್ದು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಮುಖ ಉಜ್ಜಿಕೊಂಡಳು. ಕೆನ್ನೆ ಕೆಂಪಗಾಯಿತೇ ಹೊರತು ಹಳದಿ ಹೋಗಲಿಲ್ಲ. ಅಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿಸಿಟ್ಟಿದ್ದ ತಿಳಿನೀಲಿ ಸೀರೆ ಉಟ್ಟಳು. ಅಪ್ಪ ತಮ್ಮ ಮದುವೆಯ ಕಾಲದ ಕೋಟು ಹಾಕಿಕೊಂಡು, ಬೇಗ ಬೇಗ ಎಂದು ಅವಸರ ಮಾಡುತ್ತಿದ್ದರು. ಹೊರಗೆ ರಂಗೋಲಿ ಇಡುತ್ತಿದ್ದ ಸೋದರತ್ತೆ ತಲೆಯೆತ್ತಿ ನೋಡಿದರು. ಅಕ್ಕನ ಕಾಲಿನಲ್ಲಿ ಚಪ್ಪಲಿ ಇತ್ತು.

“ಎಲ್ಲಿಗೋ ತಮ್ಮ?”

ಅಪ್ಪ ಹೇಳಿದರು. ಪೂರ್ತಿ ಹೇಳಿದರು, ಬೋರ್ಡು, ಸಂಬಳ, ಗಂಡಿನ ಮನೆಯವರ ಮಾತು, ಒಂದನ್ನೂ ಬಿಡಲಿಲ್ಲ. ಅತ್ತೆ ರೇಗಾಡಬಹುದೆಂದು ನಾವೆಲ್ಲ ಸಿದ್ಧವಾಗಿದ್ದೆವು. ರೇಗಿದ್ದರೆ ಅಪ್ಪ ಎದುರು ನಿಲ್ಲುತ್ತಿದ್ದರೇನೋ. ಅತ್ತೆ ರಂಗೋಲಿ ಡಬ್ಬಿ ಕೆಳಗಿಟ್ಟು, ಬಂದು ಹೊಸಿಲ ಮೇಲೆ ಕೂತುಬಿಟ್ಟರು. ಅವರಿಗೊಬ್ಬ ಮಗಳಿದ್ದಳು. ಅರಿಶಿನ ಹಚ್ಚಿದ ಮರುದಿನ ಗೆಳತಿಯ ಮನೆಗೆ ಹೋಗಿ ಬಂದವಳು ಜ್ವರ ಹಿಡಿದು, ಮದುವೆಯ ಚಪ್ಪರ ಬಿಚ್ಚುವ ಮುಂಚೆಯೇ ಹೋಗಿಬಿಟ್ಟಿದ್ದಳು. ಅದನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

“ನಾನೂ ಹೀಗೇ ಕಳಿಸಿದ್ದೆ ಕಣೋ,” ಎಂದರು. “ಒಂದು ಗಳಿಗೆ ಹೋಗಿ ಬಾ ಅಂತ ನಾನೇ ಅಂದಿದ್ದೆ. ಅರಿಶಿನದ ಮೈ ಕಣೋ, ಹೊಸಿಲು ದಾಟಿಸ್ಬೇಡ. ನನ್ನ ಕಾಲ ಮೇಲೆ ಹಾದು ಕರ್ಕೊಂಡು ಹೋಗು ಬೇಕಾದ್ರೆ.” ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ವಠಾರದ ಬಾಗಿಲುಗಳಲ್ಲೆಲ್ಲ ಜನ.

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ನೆಲ ನೋಡುತ್ತಿದ್ದರು. ಅಕ್ಕನೇ ಮೊದಲು ಮಾತಾಡಿದಳು. ದನಿ ನಡುಗಲಿಲ್ಲ. “ಅಪ್ಪಾ, ಮೆಡಿಕಲ್ ಸ್ಟೋರಲ್ಲಿ ಫೋನ್ ಇದೆಯಲ್ಲ. ಕಾರ್ಖಾನೆಗೆ ಮಾಡಿ ಬೇರೆ ದಿನ ಕೇಳಿ. ಮದುವೆ ಇದೆ ಅಂದ್ರೆ ಕೊಡ್ತಾರೆ. ಕರೆ ಮುಂಚೇನೇ ಬಂದಿದೆಯಲ್ಲ, ಕೆಂಗೇರಿಯೋರೂ ಬೇಡ ಅನ್ನಲ್ಲ. ನಾನೇ ಮಾಡ್ತಿದ್ದೆ, ಆದ್ರೆ...” ಹೊಸಿಲಿನ ಕಡೆ ನೋಡಿದಳು. ಆಮೇಲೆ ಅಪ್ಪನ ಹತ್ತಿರ ಹೋಗಿ, ಕೋಟಿನ ತೋಳಿನ ಮೇಲೆ ಬೆರಳಿಟ್ಟು ಒಂದು ವಾಕ್ಯ ಹೇಳಿಕೊಟ್ಟಳು. ‘ಪ್ಲೀಸ್ ಗಿವ್ ಹರ್ ಅನದರ್ ಡೇಟ್.’ “ಅನದರ್ ಅನ್ನೋವಾಗ ನ ಮೇಲೆ ಏಟು ಅಪ್ಪಾ. ಅ, ನ, ದರ್. ಹೇಳಿ.” ಅಪ್ಪ ಹೇಳಿದರು. “ಇನ್ನೊಂದ್ಸಲ.” ಇನ್ನೊಂದು ಸಲ ಹೇಳಿದರು. ಮೂಗಿನ ತುದಿಯಲ್ಲಿ ಬೆವರು. ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಪ್ಪ ಅದನ್ನೇ ಹೇಳಿಕೊಳ್ಳುತ್ತಾ ವಠಾರ ದಾಟಿ ಹೋದರು.

ಅಕ್ಕ ಹೊಸಿಲ ಒಳಗೆ ನಿಂತು ಕಾದಳು. ಸೀರೆ ಬದಲಾಯಿಸಲಿಲ್ಲ. ಚಪ್ಪಲಿ ಮಾತ್ರ ಬಿಚ್ಚಿ, ಜೊತೆಯಾಗಿ ಗೋಡೆಗೆ ಒರಗಿಸಿಟ್ಟಳು.

ಅಪ್ಪ ಬಂದು “ಲೈನ್ ಸಿಗ್ಲಿಲ್ಲ ಕಣಮ್ಮ” ಎಂದರು. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಕೈ ಕಾಲು ತೊಳೆಯಲು ಹೋದರು.

ಲೈನ್ ಸಿಕ್ಕಿತ್ತು. ಮದುವೆ ಮುಗಿದು ಎಷ್ಟೋ ದಿನವಾದ ಮೇಲೆ ಮೆಡಿಕಲ್ ಸ್ಟೋರಿನವರು ಅಮ್ಮನಿಗೆ ಹೇಳಿದರು. ಆ ಕಡೆ ಬೋರ್ಡಿನ ಹುಡುಗಿ ಏನೋ ಕೇಳಿದಳಂತೆ, ಮತ್ತೆ ಕೇಳಿದಳಂತೆ. ಇವರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ‘ಎಸ್ ಮೇಡಂ, ಎಸ್ ಮೇಡಂ’ ಎಂದು ಇಟ್ಟುಬಿಟ್ಟರಂತೆ. ಮತ್ತೊಂದು ಸಲ ಮಾಡಿ ಎಂದರೆ ಕೇಳದೆ, ಅಲ್ಲೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಹೋದರಂತೆ. ನಮ್ಮ ಮನೆಯಲ್ಲಿ ಆ ಮಾತನ್ನು ಆಡಬಲ್ಲವಳು ಒಬ್ಬಳೇ, ಅವಳು ಹೊಸಿಲ ಒಳಗಿದ್ದಳು. ಇದನ್ನು ಯೋಚಿಸಿದಾಗಲೆಲ್ಲ ಈಗಲೂ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಬೆನ್ನಿಗೇ ಆ ಬೆಂಚಿನ ಮೇಲೆ ಕೋಟು ಹಾಕಿಕೊಂಡು ಕೂತ ಅಪ್ಪ ಕಣ್ಣಿಗೆ ಬಂದು ಸಿಟ್ಟು ಎಲ್ಲಿಯೂ ನಿಲ್ಲುವುದಿಲ್ಲ. ಅತ್ತೆಯ ಮೇಲಂತೂ ಸಿಟ್ಟು ಮಾಡಿಕೊಳ್ಳುವುದಕ್ಕೇ ಆಗಲಿಲ್ಲ. ಯಾರನ್ನಾದರೂ ಬಾಯಿತುಂಬ ಬೈಯುವಂತಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಕ ಅಳಲಿಲ್ಲ. ಸೀರೆ ಮಡಚಿಟ್ಟಳು. ಮದುಮಗಳು ಬಟ್ಟೆ ಒಗೆಯುವ ಹಾಗಿಲ್ಲ, ಕಲ್ಲು ಇದ್ದದ್ದೂ ಹೊಸಿಲ ಆಚೆ. ಭಾನುವಾರದವರೆಗೆ ಅವಳು ಗೋಡೆಗೆ ಒರಗಿ ಕೂತಳು. ಕೈ ಮಂಡಿಯ ಮೇಲೆ ಸುಮ್ಮನೆ ಬಿದ್ದಿತ್ತು.

ಅಪ್ಪನ ಷರ್ಟಿನ ಗುಂಡಿಗಳು ಆಮೇಲೆ ಒಡೆಯಲಿಲ್ಲ. ಒಗೆಯುತ್ತಿದ್ದವಳು ನಾನು. ಏಟನ್ನು ಅಷ್ಟು ಎತ್ತರದಿಂದ ಹಾಕುವ ಮನಸ್ಸು ನನಗೆ ಬರುತ್ತಿರಲಿಲ್ಲ.

ಭಾವ ಕೆಟ್ಟವರಲ್ಲ. ಅಕ್ಕನಿಗೆ ಊಟ ಬಟ್ಟೆಗೆ ಏನೂ ಕೊರತೆಯಿರಲಿಲ್ಲ. ಹಬ್ಬಕ್ಕೆ ಬಂದಾಗ ಕೇಳಿದರೆ “ಚೆನ್ನಾಗಿದೀನಿ ಕಣೇ” ಎನ್ನುತ್ತಿದ್ದಳು. ಅವಳ ಮದುವೆಯಾದ ಹೊಸತರಲ್ಲಿ ನಾನು ಅವಳ ಮನೆಗೆ ಹೋಗಲಿಲ್ಲ. ಕೆಂಗೇರಿಗೆ ಹೋಗುವ ಬಸ್ಸು ಆ ಕಾರ್ಖಾನೆಯ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು, ನನಗೆ ಅದನ್ನು ನೋಡುವುದು ಬೇಡವಾಗಿತ್ತು. ದಿನಾ ಆ ರಸ್ತೆಯ ಬಸ್ಸುಗಳ ಸದ್ದು ಕೇಳಿಕೊಂಡು ಅಕ್ಕ ಅಲ್ಲಿ ಹೇಗಿದ್ದಾಳೋ ಎಂದು ಮಾತ್ರ ಅನ್ನಿಸುತ್ತಿತ್ತು.

ನನ್ನ ಪಿಯುಸಿ ಮುಗಿಯುವಷ್ಟರಲ್ಲಿ ಅಕ್ಕನಿಗೆ ಒಂದು ಮಗುವಾಗಿತ್ತು. ಅದೇ ಕಾರ್ಖಾನೆಯವರು ಬೋರ್ಡಿಗೆ ಮತ್ತೆ ಹುಡುಗಿಯರನ್ನು ಕರೆದರು. ಅಪ್ಪ ಪೇಪರು ಮಡಚಿ ನನ್ನ ಪಕ್ಕದಲ್ಲಿ ಇಟ್ಟುಹೋದರು. ನಾನು ಅರ್ಜಿ ಹಾಕಿದೆ, ಕರೆಯೂ ಬಂತು. ಅಕ್ಕನಿಗೆ ಹೇಳದೆ ಹೋಗಲು ನನ್ನಿಂದ ಆಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕೆಂಗೇರಿ ಬಸ್ಸು ಹತ್ತಿದೆ.

ಮನೆಯ ಹತ್ತಿರ ಬರುತ್ತಿದ್ದಂತೆ ಹಿತ್ತಲಿನಿಂದ ಬಟ್ಟೆ ಒಗೆಯುವ ಸದ್ದು ಕೇಳಿಸಿತು. ಧಪ್, ಧಪ್, ಧಪ್, ಧಪ್. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಯಾರೋ ಕೆಲಸದವರು ಒಗೆಯುತ್ತಿದ್ದಾರೆ ಎಂದುಕೊಂಡೇ ಹಿತ್ತಲಿಗೆ ಹೋದೆ. ಬಾವಿಕಟ್ಟೆಯ ಪಕ್ಕ ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದವಳು ಅಕ್ಕ.

ನನ್ನನ್ನು ಕಂಡು ಮುಖವೆಲ್ಲ ಅರಳಿತು. ಒದ್ದೆ ಕೈಯಲ್ಲೇ ನನ್ನ ಗಲ್ಲ ಹಿಡಿದಳು. ನಾನು ಬಂದ ವಿಷಯ ಬಿಟ್ಟು ಬೇರೇನೋ ಕೇಳಿದೆ. “ಅಕ್ಕ, ಹೀಗ್ಯಾಕೆ ಒಗೀತಿದೀಯಾ?”

ಅವಳಿಗೆ ಕೂಡಲೇ ಅರ್ಥವಾಯಿತು. ಮನೆಯೊಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನಮ್ಮತ್ತೆ ಒಂದಿನ ಕೇಳಿದ್ರು ಕಣೇ, ಅದ್ಯಾಕೆ ಒಂದು ಜೋರು, ಒಂದು ಮೆಲ್ಲಗೆ ಒಗೀತೀಯಾ, ಹಾಗಾದ್ರೆ ಕೊಳೆ ಹೋಗಲ್ಲ, ಒಂದೇ ಸಮ ಒಗೀಬೇಕು ಅಂತ. ಹೌದಲ್ವಾ ಮತ್ತೆ, ಅವರು ಹೇಳೋದೂ ಸರಿನೇ.” ನಕ್ಕಳು. “ಈಗ ಅಭ್ಯಾಸ ಆಗೋಯ್ತು.”

ನಾನು ಇಂಟರ್‌ವ್ಯೂ ವಿಷಯ ಹೇಳಿದೆ. ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ಸುರಿಯುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ಹಿಂಡುತ್ತಾ ನಿಂತಳು, ನೀರೆಲ್ಲ ಹೋದ ಮೇಲೂ ಹಿಂಡಿದಳು. ಆಮೇಲೆ ಬಟ್ಟೆ ಕೆಳಗಿಟ್ಟು, “ಎಲ್ಲಿ, ಹೇಳು ನೋಡೋಣ. ಪರ್ಟಿಕ್ಯುಲರ್ ಪರ್ಸನ್ ಕಾಲ್ ಬುಕ್ ಮಾಡ್ಬೇಕು, ಮದ್ರಾಸಿಗೆ. ಹೇಳು” ಎಂದಳು.

ನನಗೆ ಅಳು ತಡೆಯುವುದೇ ಕೆಲಸವಾಗಿತ್ತು. ಹೇಳಿದೆ, ಎಲ್ಲ ಅಕ್ಷರವೂ ಒಂದೇ ಸಮ ಬಂತು, ಶಾಲೆಯ ಮಗ್ಗಿಯ ಹಾಗೆ.

“ಅಯ್ಯೋ ಕತ್ತೆ,” ಎಂದಳು ಅಕ್ಕ. ನನ್ನ ಕೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ ತನ್ನ ಒದ್ದೆ ಬೆರಳುಗಳನ್ನಿಟ್ಟಳು. ಒಂದು ಸಲ ಮೆಲ್ಲಗೆ ಮುಟ್ಟಿದಳು. ಆಮೇಲೆ ಗಟ್ಟಿಯಾಗಿ ಒತ್ತಿದಳು, ನೋವಾಗುವಷ್ಟು. ಮತ್ತೆರಡು ಸಲ ಮೆಲ್ಲಗೆ. ಸದ್ದೇ ಇಲ್ಲ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೂ ಅಕ್ಕ ತಂಗಿಯರು ಕೈ ಹಿಡಿದುಕೊಂಡಿದ್ದಾರೆ ಎಂದುಕೊಳ್ಳುತ್ತಿದ್ದರು, ಅಷ್ಟೇ. ಅವಳ ತುಟಿ ಅಲ್ಲಾಡುತ್ತಿತ್ತು. ಅವಳಿಗೆ ಎಲ್ಲವೂ ನೆನಪಿತ್ತು. ಮ್ಯಾನೇಜರ್, ಡೈರೆಕ್ಟರ್, ಎಂಜಿನಿಯರ್, ಆಪರೇಟರ್, ಒಂದನ್ನೂ ಮರೆತಿರಲಿಲ್ಲ. ಒಂದೊಂದನ್ನೇ ನನ್ನ ಕೈಗೆ ಒತ್ತಿ ಒತ್ತಿ ಕೊಟ್ಟಳು. ನಾನು ಒಂದೊಂದನ್ನೇ ಹೇಳಿದೆ, ಸರಿಯಾಗಿ ಬರುವವರೆಗೂ ಅವಳು ಬಿಡಲಿಲ್ಲ.

ಒಳಗೆ ಮಗು ಎದ್ದು ಅತ್ತಿತು. “ಏನಮ್ಮ, ಒಗೆಯೋದು ಮುಗೀತಾ?” ಎಂದು ಅವಳ ಅತ್ತೆ ಕೂಗಿ ಕೇಳಿದರು.

“ಇನ್ನೊಂಚೂರಿದೆ ಅತ್ತೆ,” ಎಂದಳು ಅಕ್ಕ. ನನ್ನ ಕೈ ಬಿಟ್ಟಳು. “ಹೋಗು, ಒಳಗೆ ಮಗೂನ ಎತ್ಕೋ. ಬುಧವಾರ ನೀಲಿ ಸೀರೆ ಉಟ್ಕೊಂಡು ಹೋಗು, ಅಮ್ಮನ ಟ್ರಂಕಿನಲ್ಲಿ ಹಾಗೇ ಇದೆ. ಅಪ್ಪ ಜೊತೆಗೆ ಬರ್ತೀನಿ ಅಂದ್ರೆ ಬೇಡ ಅನ್ಬೇಡ.”

ನನ್ನ ಇಂಟರ್‌ವ್ಯೂ ಬುಧವಾರ ಇರಲಿಲ್ಲ. ನಾನು ತಿದ್ದಲು ಹೋಗಲಿಲ್ಲ, ಹೂಂ ಎಂದೆ. ಮಣಿಕಟ್ಟಿನ ಮೇಲಿನ ಒದ್ದೆ ಒರೆಸಿಕೊಳ್ಳದೆ ಮಗುವಿನ ಹತ್ತಿರ ಹೋದೆ. ಬೆನ್ನ ಹಿಂದೆ ಅಕ್ಕ ಬಟ್ಟೆ ಎತ್ತಿಕೊಂಡಳು. ಒಂದಾದರೂ ಏಟು ಜೋರಾಗಿ ಬೀಳುತ್ತದೇನೋ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತೇ ಇದ್ದೆ. ಒಗೆದು ಮುಗಿಯುವವರೆಗೂ ಎಲ್ಲ ಏಟೂ ಒಂದೇ ಸಮ ಬಿದ್ದವು.